ಕ್ಲೋರಿನ್ ಹಾಕಿದ ಮೇಲೂ ಶವರಿನಲ್ಲಿ ಲೆಜಿಯೊನೆಲ್ಲಾ ಮರಳಿದರೆ

ಟ್ಯಾಂಕಿಗೆ ಕ್ಲೋರಿನ್ ಹಾಕಿದ ಮೂರೇ ವಾರಕ್ಕೆ ಆಸ್ಪತ್ರೆ ವಾರ್ಡಿನ ಶವರುಗಳಲ್ಲಿ ಲೆಜಿಯೊನೆಲ್ಲಾ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಮತ್ತೆ ಬಂದಿದೆ ಅಂದರೆ, ಬಹುಮಟ್ಟಿಗೆ ಕ್ಲೋರಿನ್ ಪೈಪಿನ ಒಳಗಿನ ಲೋಳೆಪದರದವರೆಗೆ ತಲುಪಿಲ್ಲ. ಬ್ಯಾಕ್ಟೀರಿಯಾ ಅಡಗಿರುವುದು ನೀರು ಹರಿಯದ ಪೈಪ್ ತುಂಡಿನಲ್ಲೋ, ಬಿಸಿ-ತಣ್ಣೀರು ಬೆರೆಸುವ ವಾಲ್ವಿನಲ್ಲೋ ಎಂಬುದು ಪ್ರತಿ ನಲ್ಲಿಯ ಮಾದರಿ ನೋಡದೆ ಹೇಳಲಾಗದು.

ಮೊದಲು ಡಯಾಲಿಸಿಸ್‌ಗೆ ಶುದ್ಧೀಕರಿಸಿದ ನೀರು ಒಯ್ಯುವ ಆರ್‌ಓ ಲೈನ್ ಬೇರ್ಪಡಿಸಿ. ಇದನ್ನು ಮರೆತರೆ ಕ್ಲೋರಿನ್ ತಗುಲಿ ರೋಗಿಯ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಎಲ್ಲ ನಲ್ಲಿಗೂ ‘ಬಳಸಬೇಡಿ’ ಚೀಟಿ ಅಂಟಿಸಿ. ಟ್ಯಾಂಕಿನ ಹೂಳು ತೆಗೆದು, ಬಳಕೆಯಿಲ್ಲದ ತುಂಡುಗಳನ್ನು ಟೀ ಜಾಯಿಂಟಿನ ಬುಡಕ್ಕೇ ಕತ್ತರಿಸಿ.

ಕ್ಲೋರಿನ್ ಗುರಿ 50 ಪಿಪಿಎಂ (ಲೀಟರಿಗೆ 50 ಮಿ.ಗ್ರಾಂ): 1000 ಲೀಟರ್‌ಗೆ ಶೇ. 10ರ ಹೈಪೋಕ್ಲೋರೈಟ್ 500 ಮಿ.ಲೀ. ಹೊಸ ಕ್ಯಾನೇ ಬೇಕು, ಬಿಸಿಲಿಗಿಟ್ಟದ್ದು ಸತ್ವ ಕಳೆದುಕೊಂಡಿರುತ್ತದೆ. ಪಿಎಚ್ 8 ಮೀರಿದರೆ ಕ್ಲೋರಿನ್ ಮಂಕಾಗುತ್ತದೆ. ಹತ್ತಿರದಿಂದ ದೂರಕ್ಕೆ ಒಂದೊಂದೇ ನಲ್ಲಿ ತೆರೆದು, ಕಟ್ಟಕಡೆಯದರಲ್ಲೂ ವಾಸನೆ ಬಂದ ಮೇಲೆ ಮುಚ್ಚಿ, 1 ಗಂಟೆ ಬಿಡಿ. ಕೊನೆಗೆ ಕ್ಲೋರಿನ್ 30 ಪಿಪಿಎಂಗಿಂತ ಕಡಿಮೆಯಿದ್ದರೆ ಮತ್ತೆ ಮಾಡಿ. ಇಷ್ಟು ಗಾಢ ಕ್ಲೋರಿನ್ನಿಗೆ ಡಿಪಿಡಿ (ಕ್ಲೋರಿನ್ ಅಳೆಯುವ ರಾಸಾಯನಿಕ) ಬಣ್ಣವೇ ಮಾಸಿ ‘ಸೊನ್ನೆ’ ತೋರಿಸಬಹುದು. ಡಿಸ್ಟಿಲ್ಡ್ ನೀರು ಬೆರೆಸಿ ಮಾದರಿಯನ್ನು ಹತ್ತುಪಟ್ಟು ತೆಳುಮಾಡಿ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಚೆನ್ನಾಗಿ ಹರಿಸಿ ತೊಳೆದ ನಂತರ ಬಿಸಿನೀರು ಟ್ಯಾಂಕಿನಲ್ಲಿ 60, ಮರಳುವ ಲೈನಿನಲ್ಲಿ 50 ಡಿಗ್ರಿ ಇರಲಿ. ಇಲ್ಲದಿದ್ದರೆ ಲೆಜಿಯೊನೆಲ್ಲಾ ಮತ್ತೆ ಬೆಳೆಯುತ್ತದೆ. ಮರುಮಾದರಿ ಕೆಲವು ದಿನ ಬಿಟ್ಟು, ಥಯೋಸಲ್ಫೇಟ್ (ಉಳಿದ ಕ್ಲೋರಿನ್ ತಟಸ್ಥಗೊಳಿಸುವ ರಾಸಾಯನಿಕ) ಹಾಕಿದ ಬಾಟಲಿಯಲ್ಲಿ ತೆಗೆಯಿರಿ.