ಹಸ್ತಪ್ರತಿಯಲ್ಲಿ ನೀವೆಲ್ಲಿದ್ದೀರಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಆತ್ಮಕಥನ ಬರೆಯಲು ಕೂತಿರುವ ಹೆಣ್ಣುಮಕ್ಕಳ ಪತ್ರಗಳೇ ಈ ಸಲ ಹೆಚ್ಚು. ಅವುಗಳಲ್ಲಿ ಐದನ್ನು ತೆಗೆದುಕೊಂಡಿದ್ದೇವೆ.

ಮೂವತ್ತು ವರ್ಷ ಪತ್ರಿಕೆಗಳಿಗೆ ಕಥೆ ಬರೆದಿದ್ದೇನೆ. ಈಗ ಆತ್ಮಕಥನ 140 ಪುಟ ಆಗಿದೆ. ಓದಿದ ಗೆಳತಿ, 'ಇದರಾಗ ನಿನ್ನ ಗಂಡ ಅದಾನ, ಅತ್ತಿ ಅದಾಳ, ಮಕ್ಕಳು ಅದಾವ, ನೀನಽ ಇಲ್ಲಲ್ಲ' ಅಂದಳು. ಎಲ್ಲಿ ತಪ್ಪಿದೆ?
– ನಿವೃತ್ತ ಶಿಕ್ಷಕಿ, ಮುಧೋಳ

ಗೆಳತಿ ಸರಿಯಾಗಿಯೇ ಹಿಡಿದಿದ್ದಾರೆ. ಹುಟ್ಟು, ಶಾಲೆ, ಮದುವೆ ಎಂದು ಸಾಲು ಹಿಡಿದು ಬರೆಯುತ್ತ ಹೋದರೆ ಮದುವೆ ಬಂದಕೂಡಲೇ 'ನಾನು' ಹೋಗಿ 'ನಾವು' ಆಗುತ್ತದೆ, ಸ್ವಲ್ಪ ದಿನಕ್ಕೆ 'ಅವರು' ಆಗುತ್ತದೆ. ಬರವಣಿಗೆಗೆ ಉಳಿಯುವುದು ಒಂದೇ ಸಾಲು: 'ಮನೆಗೆಲಸದ ಬಿಡುವಿನಲ್ಲಿ ಕಥೆ ಬರೆಯುತ್ತಿದ್ದೆ.' ನಿಮ್ಮ ಪುಸ್ತಕ ಆ ಸಾಲಿನ ಒಳಗೇ ಇದೆ, ನೀವು ಅದನ್ನು ಬಿಚ್ಚಿಲ್ಲ.

ನಿಮ್ಮ ಓದು, ಬರಹಕ್ಕೆ ಸಂಬಂಧಿಸಿದ ಸಾಲುಗಳ ಅಡಿಗೆಲ್ಲ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ. ಎಷ್ಟು ಪುಟ ಖಾಲಿ ಉಳಿದವೆಂದು ನೋಡಿದರೆ ನಿಮಗೇ ತಿಳಿಯುತ್ತದೆ. ಆಮೇಲೆ ಅಚ್ಚಾದ ಕಥೆಗಳಲ್ಲಿ ಐದನ್ನು ಆರಿಸಿ, ಒಂದೊಂದಕ್ಕೂ ನಾಲ್ಕೈದು ಪುಟದ ಚರಿತ್ರೆ ಬರೆಯಿರಿ. ಮೊದಲ ಸಾಲು ಹೊಳೆದದ್ದು ಯಾವ ಕೆಲಸದ ನಡುವೆ? ಬರೆಯಲು ಕೂತದ್ದು ಪಡಸಾಲೆಯಲ್ಲೋ, ಅಡುಗೆಮನೆಯಲ್ಲೋ, ಶಾಲೆಯ ಸ್ಟಾಫ್‌ರೂಮಿನಲ್ಲೋ? ಹಾಳೆ ಎಲ್ಲಿಂದ ಬಂತು, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದದ್ದೇ? ಯಾರಾದರೂ ಬಂದಾಗ ಅದನ್ನು ಎಲ್ಲಿ ಇಡುತ್ತಿದ್ದಿರಿ? ಅಂಚೆಗೆ ಹಾಕಿದವರು ಯಾರು, ಸ್ಟಾಂಪಿನ ದುಡ್ಡು ಯಾರದು? ಕಥೆ ತಿರುಗಿ ಬಂದಾಗ ಲಕೋಟೆ ಒಡೆದವರು ಯಾರು? ಗೌರವಧನದ ಮನಿಯಾರ್ಡರ್ ಬಂದಾಗ ಸಹಿ ಹಾಕಿದ್ದು ಯಾರು, ಆ ರೊಕ್ಕ ಯಾವುದಕ್ಕೆ ಹೋಯಿತು? ಇದರಲ್ಲಿ ಒಂದೂ ಚಿಲ್ಲರೆ ಪ್ರಶ್ನೆಯಲ್ಲ. ಹೆಣ್ಣಿನ ಬರವಣಿಗೆಗೆ ಮನೆಯಲ್ಲಿ ಎಷ್ಟು ಜಾಗವಿತ್ತು ಎಂಬುದಕ್ಕೆ ಇವೇ ಪುರಾವೆ.

'ಬಿಡುವು' ಎಂಬ ಮಾತನ್ನು ಹಸ್ತಪ್ರತಿಯಿಂದಲೇ ತೆಗೆದುಹಾಕಿ. ಅದರ ಜಾಗದಲ್ಲಿ ಆ ಕಾಲದ ಒಂದು ದಿನವನ್ನು ಗಂಟೆ ಲೆಕ್ಕದಲ್ಲಿ ಕೊಡಿ: ಎಷ್ಟು ಗಂಟೆಗೆ ನೀರು ತುಂಬಿದಿರಿ, ಎಷ್ಟು ಜನಕ್ಕೆ ಎಷ್ಟು ರೊಟ್ಟಿ ಬಡಿದಿರಿ, ಎಷ್ಟು ಹೊತ್ತಿಗೆ ಕೈ ತೊಳೆದಿರಿ. ಕೊನೆಗೆ ಉಳಿದದ್ದು ಮುಕ್ಕಾಲು ತಾಸು ಎಂದು ನೀವು ಬರೆಯುವುದೇ ಬೇಡ, ಓದುವವರೇ ಲೆಕ್ಕ ಹಾಕುತ್ತಾರೆ.

ಏನೂ ಬರೆಯದ ವರ್ಷಗಳೂ ಇದ್ದಿರಬೇಕು. ಬಸಿರು, ಬಾಣಂತನ, ಅತ್ತೆಯ ಕಾಯಿಲೆ, ದೂರದೂರಿಗೆ ವರ್ಗ, ಮುಟ್ಟು ನಿಲ್ಲುವ ಹೊತ್ತಿನ ನಿದ್ದೆಗೇಡು. ಬಹಳ ಜನ ಈ ವರ್ಷಗಳನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಾರೆ. ನೀವು ಅವಕ್ಕೇ ಒಂದು ಅಧ್ಯಾಯ ಕೊಡಿ. ಮೈಯ ವಿಷಯ ಬರೆಯುವಾಗ 'ತುಂಬಾ ಕಷ್ಟವಾಯಿತು' ಎಂದು ಮುಗಿಸಬೇಡಿ. ಎಲ್ಲಿ ನೋವು, ಎಷ್ಟು ದಿನ, ಯಾರಿಗೆ ಹೇಳಿದಿರಿ, ಯಾರಿಗೆ ಹೇಳಲಿಲ್ಲ ಎಂಬುದು ಬರಲಿ.

ಅಡುಗೆಮನೆಯ ಸಂಗತಿ ಬರೆದರೆ ಅದು ಸಾಹಿತ್ಯ ಅನ್ನಿಸಿಕೊಳ್ಳುತ್ತದೆಯೇ? ಮನೆಯವರು ನಗುತ್ತಾರೆ.
– ಓದುಗಿ, ತಾಳಿಕೋಟೆ

2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದಲ್ಲಿ ಬಂದದ್ದು ವಿಜಯಾ ಅವರ ಆತ್ಮಕಥನಕ್ಕೆ. ಅದರ ಹೆಸರು 'ಕುದಿ ಎಸರು'. ಮನೆಯವರಿಗೆ ಇಷ್ಟು ಹೇಳಿ, ಬರೆಯುವುದನ್ನು ಮುಂದುವರಿಸಿ.

ಘಟನೆಗಳು ನೆನಪಿವೆ, ಇಸವಿ ನೆನಪಿಲ್ಲ.
– ಓದುಗಿ, ಇಂಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ವರ್ಷಕ್ಕೆ ಎರಡು ಪುಟದಂತೆ ಇಸವಿ ಬರೆದಿಡಿ. ಊರಿಗೆಲ್ಲ ಗೊತ್ತಿರುವುದನ್ನು ಮೊದಲು ತುಂಬಿ: 1972ರ ಬರ, 1975ರ ತುರ್ತುಪರಿಸ್ಥಿತಿ, 1982ರ ಗೋಕಾಕ್ ಚಳವಳಿ, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು. ನಿಮ್ಮ ಘಟನೆ ಇವುಗಳಿಗಿಂತ ಮುಂಚೆಯೋ, ನಂತರವೋ ಎಂದು ಕೇಳಿಕೊಂಡರೆ ಐದಾರು ವರ್ಷದ ಗೊಂದಲ ಒಂದೆರಡಕ್ಕೆ ಇಳಿಯುತ್ತದೆ. ಹಿರಿಯ ಮಗ ಆಗ ಎಷ್ಟನೇ ಇಯತ್ತೆಯಲ್ಲಿದ್ದ ಎಂಬುದು ಇನ್ನೂ ಗಟ್ಟಿ ಆಧಾರ. 'ಬನಶಂಕರಿ ಜಾತ್ರೆ ಮರುದಿನ' ಎಂಬಂಥ ನೆನಪಿದ್ದರೆ ಆ ವರ್ಷದ ಪಂಚಾಂಗದಲ್ಲಿ ಆ ಜಾತ್ರೆ ಬರುವ ಬನದ ಹುಣ್ಣಿಮೆ ಹುಡುಕಿದರೆ ತಾರೀಖೇ ಸಿಗುತ್ತದೆ. ಇನ್‌ಲ್ಯಾಂಡ್ ಪತ್ರದ ಮೇಲಿನ ಅಂಚೆ ಮುದ್ರೆ, ಧಾರವಾಡ ಆಕಾಶವಾಣಿಯ ಕರಾರುಪತ್ರ, ಕಥೆ ಅಚ್ಚಾದ ಸಂಚಿಕೆ, ಯಾವುದನ್ನೂ ಎಸೆಯಬೇಡಿ.

ಶಾಲೆಯ ದಾಖಲೆಯಲ್ಲಿರುವ ಜನ್ಮದಿನವನ್ನು ಮಾತ್ರ ನೆಚ್ಚಬೇಡಿ. ಶಾಲೆಗೆ ಹಚ್ಚುವಾಗ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಂಡದ್ದು ಎಷ್ಟೋ ಜನರದಿದೆ. ಅದನ್ನು ಹಿಡಿದು 'ಆಗ ನನಗೆ ಹದಿನಾಲ್ಕು' ಎಂದು ಬರೆದರೆ ಮದುವೆಯ ವಯಸ್ಸೇ ತಪ್ಪಬಹುದು, ಹೆಣ್ಣಿನ ಕಥನದಲ್ಲಿ ಅದು ಸಣ್ಣ ತಪ್ಪಲ್ಲ.

ನಮ್ಮ ಕಡೆ ಮಾತಿನಲ್ಲೇ ಬರೆಯಲೋ, ಪುಸ್ತಕದ ಕನ್ನಡದಲ್ಲೋ?
– ಓದುಗಿ, ಗೋಕಾಕ

ಎರಡೂ ನಡೆಯುತ್ತವೆ, ಪುಟಪುಟಕ್ಕೆ ಬದಲಾದರೆ ಮಾತ್ರ ಓದುವವರು ಎಡವುತ್ತಾರೆ. ನಿರೂಪಣೆ ಯಾವುದರಲ್ಲಿ ಎಂದು ಮೊದಲೇ ತೀರ್ಮಾನಿಸಿ. ಸಂಭಾಷಣೆಯನ್ನಂತೂ ಆಡಿದ ಹಾಗೇ ಇಡಿ. ಒಬ್ಬೊಬ್ಬರ ಮಾತಿಗೂ ಚಿಕ್ಕ ಪಟ್ಟಿ ಮಾಡಿಕೊಳ್ಳಿ. ಅವ್ವ 'ಐತಿ', 'ಮಾಡಾಕತ್ತೀನಿ' ಎನ್ನುವವರಾದರೆ ಕೊನೆಯ ಪುಟದವರೆಗೂ ಹಾಗೇ. ವಿಜಯಪುರ ಕಡೆಯಿಂದ ಬಂದ ಅತ್ತೆ 'ಅದ', 'ಮಾಡ್ಲಿಕತ್ತೀನಿ' ಎನ್ನುತ್ತಿದ್ದರೆ ಅವರ ಬಾಯಲ್ಲಿ ಅದೇ ಇರಲಿ. ವೈನಿಯನ್ನು ಅತ್ತಿಗೆ ಮಾಡಬೇಡಿ, ಮಾವಶಿಯನ್ನು ಚಿಕ್ಕಮ್ಮ ಮಾಡಬೇಡಿ. ಈ ಪಟ್ಟಿಯನ್ನು ಕರಡು ತಿದ್ದುವವರಿಗೂ ಕೊಡಿ. ಇಲ್ಲದಿದ್ದರೆ ಅವರು 'ಐತಿ'ಯನ್ನೆಲ್ಲ 'ಇದೆ' ಮಾಡಿ ಕಳಿಸುತ್ತಾರೆ, ಅವ್ವನ ದನಿ ಅಲ್ಲಿಗೆ ಮುಗಿಯುತ್ತದೆ.

ಆತ್ಮಕಥನದಲ್ಲಿ ಬರುವವರ ಹೆಸರು ಬದಲಿಸಿದರೆ ಸಾಕೇ? ಹಿರಿಯ ಲೇಖಕರೊಬ್ಬರು ನನಗೆ ಬರೆದ ಪತ್ರಗಳನ್ನು ಅಚ್ಚು ಹಾಕಬಹುದೇ? ಮುದ್ರಣಕ್ಕೆ ಏನೇನು ನೋಡಬೇಕು?
– ಓದುಗಿ, ಬೈಲಹೊಂಗಲ

ಸಾಲದು. 'ನಮ್ಮ ಹಿರೇ ಭಾವ' ಎಂದರೆ ಊರಿಗೇ ಗೊತ್ತಾಗುತ್ತದೆ, ಹೆಸರಿದ್ದರೂ ಇಲ್ಲದಿದ್ದರೂ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಬರುತ್ತದೆ. ಕ್ರಿಮಿನಲ್ ದೂರಿನಲ್ಲಿ 'ಇದು ನಿಜ' ಎಂದಷ್ಟೇ ಹೇಳಿದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ತೀರಿಕೊಂಡವರ ಬಗ್ಗೆ ಬರೆದದ್ದು ಅವರ ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ ಅದೂ ಇದರಡಿ ಬರಬಹುದು. ಆದ್ದರಿಂದ ಕಂಡದ್ದು, ಕೇಳಿದ್ದು, ಆಡಿದ ಮಾತು ಬರೆಯಿರಿ. 'ಅವನು ಕಳ್ಳ' ಎಂಬ ತೀರ್ಪು ಬೇಡ. ಬರಹಕ್ಕೂ ಅದೇ ಚೆಂದ. ಅನುಮಾನವಿರುವ ಪುಟಗಳನ್ನು ಅಚ್ಚಿಗೆ ಮುನ್ನ ವಕೀಲರಿಗೆ ತೋರಿಸಿ.

ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದು. ಅವರು ತೀರಿಕೊಂಡ ಮೇಲೂ ಸಾಮಾನ್ಯವಾಗಿ 60 ವರ್ಷ ವಾರಸುದಾರರಿಗೆ ಇರುತ್ತದೆ. ಇಡೀ ಪತ್ರ ಹಾಕುವುದಾದರೆ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಮುದ್ರಣಕ್ಕೆ ಡೆಮಿ 1/8 ಆಕಾರ ಸಾಕು. ಪುಟಕ್ಕೆ ಸುಮಾರು 200 ಪದ ಹಿಡಿದರೆ, ಉದಾಹರಣೆಗೆ 38,000 ಪದದ ಹಸ್ತಪ್ರತಿಗೆ 190 ಪುಟ, ಮುನ್ನುಡಿ, ಪರಿವಿಡಿ ಸೇರಿ 200 ದಾಟುತ್ತದೆ. ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿಗೆ ಫಾರ್ಮು ಎನ್ನುತ್ತಾರೆ. ಒಂದು ಫಾರ್ಮಿಗೆ 16 ಪುಟ, ಹಾಗಾಗಿ 13 ಫಾರ್ಮು, 208 ಪುಟ. ಹತ್ತು ಹನ್ನೆರಡು ಪುಟ ಕಡಿಮೆ ಮಾಡಿದರೆ 12 ಫಾರ್ಮಿಗೆ, ಅಂದರೆ 192 ಪುಟಕ್ಕೆ ಕೂರುತ್ತದೆ. ಹಳೆಯ ಫೋಟೊಗಳು ಮಾಮೂಲಿ ಮ್ಯಾಪ್ಲಿತೊ ಕಾಗದದ ಮೇಲೆ ಮಸುಕಾಗುತ್ತವೆ, ಅವನ್ನೆಲ್ಲ ಒಟ್ಟಿಗೆ ಆರ್ಟ್ ಪೇಪರಿಗೆ ಹಾಕಿಸಿ. ಹಳೆಯ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಾದ ಫೈಲನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು. 'ವರ್ಷ', 'ಕಾರ್ಯ', 'ಮಾರ್ಗ' ಎಂಬ ಪದಗಳನ್ನು ಹುಡುಕಿ ನೋಡಿ, ಅಲ್ಲಿ ತಪ್ಪಿದ್ದರೆ ಪುಸ್ತಕದುದ್ದಕ್ಕೂ ತಪ್ಪಿರುತ್ತದೆ. ನೀವೇ ಪ್ರಕಾಶಕರಾದರೂ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತವಾಗಿ ಸಿಗುತ್ತದೆ. ಅರ್ಜಿಯಲ್ಲಿ ಲೇಖಕಿಯ ಹೆಸರು ಕಥೆಗಳ ಕೆಳಗೆ ಅಚ್ಚಾಗುತ್ತ ಬಂದ ಹಾಗೆಯೇ ಇರಲಿ.