ಮರದ ತಲೆ ಕಡಿಸುವ ಮೊದಲು ಬುಡದ ಮಣ್ಣು ಬಗೆದು ನೋಡಿ

ಮಾವಿನ ಮರ ಸೊರಗಿದೆ, ಗಾಳಿಗೆ ಬೀಳುವ ಭಯ, ಮಳೆಗಾಲಕ್ಕೆ ಮುಂಚೆ ಅರ್ಧಕ್ಕೆ ಕಡಿಸಲೇ ಎಂದು ಕೇಳಿದ್ದೀರಿ. ನಡುವೆ, ಎರಡು ವರ್ಷದ ಹಿಂದೆ ಅಂಗಳ ಎತ್ತರಿಸಿದೆವು ಎಂದು ಒಂದು ಸಾಲು. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು.

ಮೈಸೂರಿನ ನಮ್ಮ ಮನೆಯ ಮುಂದೆ ಅಮ್ಮ ನೆಟ್ಟ ಬಾದಾಮಿ ಮಾವು ಇತ್ತು. ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಗಿರಾಕಿಗಳು ಅದರ ನೆರಳಿನಲ್ಲೇ ಕುಳಿತು ಕಾಯುತ್ತಿದ್ದರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಯಿತು, ಮಳೆನೀರು ಅಂಗಡಿಗೆ ನುಗ್ಗತೊಡಗಿತು. ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ಒಂದೂವರೆ ಅಡಿ ತುಂಬಿಸಿ, ದಮ್ಮಸ್ಸು ಮಾಡಿಸಿ, ಇಂಟರ್‌ಲಾಕ್ ಇಟ್ಟಿಗೆ ಹಾಸಿಸಿದೆ. ಮರದ ಸುತ್ತ ಜಾಗ ಬಿಡಲೇ ಎಂದು ಮೇಸ್ತ್ರಿ ಕೇಳಿದರು. ಬೇಡ, ಎಲೆ ಸೇರಿಕೊಂಡರೆ ಗುಡಿಸುವುದು ಕಷ್ಟ ಎಂದೆ.

ತಪ್ಪಾದದ್ದು ಅಲ್ಲಿಯೇ. ಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ಏನು ಹಾಕಿದರೇನು ಎಂದುಕೊಂಡಿದ್ದೆ. ಆದರೆ ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅವು ಉಸಿರಾಡಬೇಕು. ಗಟ್ಟಿಸಿದ ಮಣ್ಣಿನಡಿ ಗಾಳಿಯೂ ಇಲ್ಲ, ಮಳೆಯೂ ಸರಿಯಾಗಿ ಇಳಿಯುವುದಿಲ್ಲ. ಕಾಂಡದ ತೊಗಟೆಯಂತೂ ಗಾಳಿಗೆ ಒಡ್ಡಿಕೊಂಡು ಬೆಳೆದದ್ದು. ಸದಾ ಒದ್ದೆ ಮಣ್ಣು ಅಂಟಿದರೆ ಕೊಳೆಯುತ್ತದೆ. ಮರ ಸಾಯಲು ವರ್ಷಗಳು ಹಿಡಿಯುವುದರಿಂದ ಯಾರಿಗೂ ಕಾರಣ ಹೊಳೆಯುವುದಿಲ್ಲ. ನನ್ನ ಮರ ಮೊದಲ ವರ್ಷ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತು. ಮರುವರ್ಷ ಎಲೆ ಚಿಕ್ಕದಾಯಿತು, ತುದಿಗಳು ಒಣಗಿದವು.

ಆಗ ನಾನೂ ನಿಮ್ಮಂತೆಯೇ ಮೇಲೆ ನೋಡಿದೆ. ಅರ್ಧಕ್ಕೆ ಕಡಿಸಿದೆ. ಹಸಿದ ಮರದ ಅಡುಗೆಮನೆಯನ್ನೇ ಕಿತ್ತಂತಾಯಿತು. ಬಿಸಿಲಿಗೆ ತೊಗಟೆ ಸೀಳಿತು, ಕಾಂಡಕೊರಕ ಹುಳು ಹೊಕ್ಕು ಹುಡಿ ಉದುರಿಸಿತು. ನಾಲ್ಕನೆಯ ವರ್ಷ ಮರ ಪೂರ್ತಿ ಒಣಗಿತು. ಬುಡ ಅಗೆಸಿದಾಗ ಹೂತಿದ್ದ ತೊಗಟೆ ಒದ್ದೆ ಕಾಗದದಂತೆ ಕೈಗೆ ಬಂತು.

ಹಾಗಾಗಿ ಕಡಿಸಲೇ ಎಂಬ ಪ್ರಶ್ನೆಯನ್ನೇ ಬಿಡಿ. ಅರ್ಧಕ್ಕೆ ಕಡಿದ ಜಾಗದಲ್ಲಿ ಚಿಗುರುವ ಕೊಂಬೆಗಳ ಹಿಡಿತ ಸಡಿಲ, ಮುಂದೆ ಗಾಳಿಗೆ ಮುರಿಯುವುದು ಅವೇ. ಒಣ ಕೊಂಬೆಗಳನ್ನಷ್ಟೇ, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬು ಉಳಿಸಿಕೊಂಡು ತೆಗೆಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಅನ್ವಯಿಸಬಹುದು, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬುಡದಲ್ಲಿ ಅಣಬೆ ಎದ್ದಿದ್ದರೆ, ಒಂದು ಕಡೆ ನೆಲ ಬಿರುಕು ಬಿಟ್ಟು ಮೇಲೆದ್ದಿದ್ದರೆ ಮರ ಉರುಳಬಹುದು, ಆಗ ಮಾತ್ರ ತೆಗೆಸಲು ಅವಸರ ಮಾಡಿ, ಕೆಳಗೆ ಯಾರನ್ನೂ ಕೂರಿಸಬೇಡಿ.

ಆರೋಗ್ಯದ ಮರದ ಬುಡ ನೆಲ ಸೇರುವಲ್ಲಿ ಅಗಲವಾಗಿ ಹರಡಿರುತ್ತದೆ. ನಿಮ್ಮದು ಕಂಬ ನೆಟ್ಟಂತೆ ನೇರವಾಗಿ ಇಳಿದಿದೆಯೇ? ಹಾಗಿದ್ದರೆ, ಮೇಲೆ ಇಟ್ಟಿಗೆ ಹಾಸಿಸಿದ್ದಲ್ಲಿ ಅದನ್ನು ಎಷ್ಟು ದೂರದವರೆಗೆ ಆಗುತ್ತದೋ ಅಷ್ಟು ಕೀಳಿಸಿ. ಹಾರೆ ಬೇಡ, ಕೈಯಿಂದಲೇ ಮಣ್ಣು ಬಗೆಯಿರಿ, ಹಳೆಯ ನೆಲ ಸಿಗುವವರೆಗೆ. ಎಷ್ಟು ಅಂಗುಲ ಕೆಳಗೆ ಸಿಕ್ಕಿತು, ತೊಗಟೆ ಗಟ್ಟಿಯಾಗಿದೆಯೇ, ಇಲ್ಲೇ ಬರೆಯಿರಿ. ಎರಡೇ ವರ್ಷವಾಗಿದೆ. ನಾನು ಕೊಡಲಿಯವನನ್ನು ಕರೆಸಿದ್ದು ಎರಡನೆಯ ವರ್ಷದಲ್ಲೇ.