ಕಾಲು ಕುಗ್ಗಿದ ಹಾವುರಾಣಿ

ಪ್ರಶ್ನೆ: ಕಾಫಿ ತೋಟದ ತರಗೆಲೆಯಡಿ ಹಾವಿನ ಮರಿಯಂತಿದ್ದ, ಆದರೆ ನಾಲ್ಕು ಪುಟ್ಟ ಕಾಲುಗಳಿದ್ದ ಜೀವಿಯೊಂದನ್ನು ಕಂಡೆ. ಅದು ವಿಷಕಾರಿಯೇ? ಕಾಲುಗಳೇಕೆ ಅಷ್ಟು ಚಿಕ್ಕವು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ವಿವರಣೆಯಂತೆ ಅದು ಹಾವುರಾಣಿ; ಹೆಸರಿನಲ್ಲಿ ಹಾವಿದ್ದರೂ ಅದು ಹಲ್ಲಿಗಳ ಬಳಗದ್ದು, ಅದಕ್ಕೆ ವಿಷವಿಲ್ಲ. ಸಡಿಲ ಮಣ್ಣು ಹಾಗೂ ಎಲೆರಾಶಿಯೊಳಗೆ ಮೈ ಬಳುಕಿಸಿ ನುಸುಳುವ ಜೀವಿಗೆ ಉದ್ದ ಕಾಲುಗಳು ತೊಡಕಾಗುವುದರಿಂದ, ಇಂಥ ಪ್ರಭೇದಗಳಲ್ಲಿ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಮೈ ನೀಳವಾಗಿ, ಕಾಲು ಕುಗ್ಗಿ, ಕೆಲವೆಡೆ ಬೆರಳುಗಳೂ ಕಡಿಮೆಯಾಗಿವೆ. ಫಿಲಿಪ್ಪೀನ್ಸಿನ ಹಾವುರಾಣಿಗಳ ಬ್ರಾಕಿಮೆಲಿಸ್ ಎಂಬ ಒಂದೇ ಕುಲದಲ್ಲಿ 5 ಬೆರಳಿನವೂ ಇವೆ, ಕಾಲೇ ಇಲ್ಲದವೂ ಇವೆ. ವಿಕಾಸದ ಮೆಟ್ಟಿಲುಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಕಾಣುವ ಈ ಕುಲ ನಿಜಕ್ಕೂ ಸೋಜಿಗವೇ. ಹಾವುರಾಣಿಯನ್ನು ಹಿಡಿಯಲು ಹೋದರೆ ಅದು ಬಾಲ ಕಳಚಿ ಓಡೀತು, ಆದ್ದರಿಂದ ಮುಟ್ಟದಿರಿ. ತೋಟದ ಕೀಟಗಳೇ ಅದರ ಆಹಾರ.